ಕಾಯುವ ಹೊತ್ತು

“ಅಕ್ಕಾ, ಇಷ್ಟ ಜಲ್ದಿ ಮುಗೀತೇನ್ರಿ? ಬರೋಬರ್ ಐತಿಲ್ಲೊ ನೋಡ್ರಿ,” ಎಂದ ನಂದೀಶ, ಚಾರುಲತಾಳ ಪರದೆಯತ್ತ ಬಗ್ಗಿ.

ಎಲ್ಲ ಸಾಲುಗಳೂ ಹಸಿರಾಗಿದ್ದವು, ಒಂದೂ ತಪ್ಪಿರಲಿಲ್ಲ. ಅವಳು ಟೆಸ್ಟುಗಳನ್ನು ಇನ್ನೊಮ್ಮೆ ಓಡಿಸಿದಳು. ಆಸ್ಪತ್ರೆಗಳಿಗೆಂದು ಕಂಪನಿ ಮಾಡುತ್ತಿದ್ದ ಸಾಫ್ಟ್‌ವೇರಿನಲ್ಲಿ ಏನೇ ಬದಲಾದರೂ ತಪ್ಪು ಹುಡುಕುವ ಈ ಟೆಸ್ಟುಗಳು ತಾವಾಗಿಯೇ ಒಂದರ ಹಿಂದೊಂದು ಓಡಬೇಕಿತ್ತು. ಮಧ್ಯಾಹ್ನ ಶುರುವಾದರೆ ಸಂಜೆ ದಾಟುತ್ತಿತ್ತು. ನೋಡಿದ್ದನ್ನೇ ಮತ್ತೆ ನೋಡುವ ಹಳೆಯ ಟೆಸ್ಟುಗಳನ್ನು ಅವಳು ಕಿತ್ತುಹಾಕಿದ್ದಳು, ಉಳಿದವು ಜೊತೆಜೊತೆಗೇ ಓಡುವಂತೆ ಮಾಡಿದ್ದಳು. ಈಗ ನೀರು ಕುಡಿದು ಬರುವಷ್ಟರಲ್ಲಿ ಮುಗಿದಿತ್ತು.

“ಬರೋಬರ್ ಐತೋ,” ಎಂದಳು. ಇಬ್ಬರೂ ನಕ್ಕರು.

ಧಾರವಾಡ ಬಿಟ್ಟು ನಾಗಪುರಕ್ಕೆ ಬಂದ ಮೇಲೆ ಅವಳು ಮನಸಾರೆ ಕನ್ನಡ ಆಡುತ್ತಿದ್ದದ್ದು ಆ ಕಾಯುವ ಹೊತ್ತಿನಲ್ಲಿ ಮಾತ್ರ. ಟೆಸ್ಟು ಓಡಲು ಬಿಟ್ಟು ಇಬ್ಬರೂ ಕೆಳಗಿನ ಅಂಗಡಿಗೆ ಇಳಿದು ತರ್ರಿ ಪೋಹಾ, ಅಂದರೆ ಖಾರದ ಸಾರು ಸುರಿದ ಅವಲಕ್ಕಿ, ತಿನ್ನುತ್ತಿದ್ದರು. ರೈಲ್ವೆ ನೌಕರನ ಮಗ ನಂದೀಶ ಇದೇ ಊರಿನ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲೇ ಬೆಳೆದವನು. ಮನೆಮಾತು ಕನ್ನಡವಾದರೂ ಓದಲು ಬಾರದು. ಅಂಗಡಿಯ ಕಟ್ಟೆಯ ಧೂಳಿನ ಮೇಲೆ ಅವಳು ಬೆರಳಿನಿಂದ ಅಕ್ಷರ ಬರೆಯುವಳು, ಅವನು ತಪ್ಪು ಓದುವನು. ಗಂಡ ತೀರಿಕೊಂಡದ್ದನ್ನೂ ಆಫೀಸಿನಲ್ಲಿ ಅವನೊಬ್ಬನಿಗೇ ಹೇಳಿದ್ದಳು.

ಮ್ಯಾನೇಜರ್ ಎಲ್ಲರಿಂದಲೂ ಅವಳಿಗೆ ಚಪ್ಪಾಳೆ ತಟ್ಟಿಸಿದರು. ಮರುವಾರ, ಈ ಕೆಲಸಕ್ಕೆ ಇನ್ನು ಒಬ್ಬರೇ ಸಾಕೆಂದು ನಂದೀಶನನ್ನು ಪುಣೆಯ ಆಫೀಸಿಗೆ ಹಾಕಿದರು.

ಚಾರುಲತಾ ಮ್ಯಾನೇಜರರ ಕೋಣೆಗೆ ಹೋಗಿ, ಹಿಂದಿಯಲ್ಲಿ ತಡವರಿಸುತ್ತ, “ಇಬ್ಬರು ಬೇಕು ಸರ್,” ಎಂದಳು.

“ಬೇಡವೆಂದು ತೋರಿಸಿದ್ದು ನೀವೇ ಅಲ್ಲವೇ?” ಅವರು ಪ್ರೀತಿಯಿಂದಲೇ ಕೇಳಿದರು.

ಹೊರಡುವ ದಿನ ನಂದೀಶ ಬ್ಯಾಗು ಹೆಗಲಿಗೇರಿಸಿ ಅವಳ ಮೇಜಿನ ಹತ್ತಿರ ನಿಂತ.

“ನನ್ನಿಂದ ಆತಲ್ಲೋ,” ಎಂದಳು.

“ಹುಚ್ಚರಂಗ ಮಾತಾಡಬ್ಯಾಡ್ರಿ ಅಕ್ಕಾ. ಪುಣೆ ಚಲೋ ಊರ. ಫೋನ್ ಮಾಡ್ತೀನಿ.”

ಮೊದಮೊದಲು ಮಾಡಿದ. ಆಮೇಲೆ ಹಬ್ಬಕ್ಕೊಂದು ಮೆಸೇಜು, ಅದೂ ಹಿಂದಿಯಲ್ಲಿ.

ಟೆಸ್ಟುಗಳು ಒಂದು ದಿನವೂ ಕೈಕೊಡಲಿಲ್ಲ. ಕೆಲಸ ಬೇಗ ಮುಗಿಯತೊಡಗಿತು. ಅಂಥದ್ದೊಂದು ದಿನ ಮೆಟ್ರೋ ಇಳಿದು ಬಂದು ಬಾಗಿಲು ತೆರೆದಾಗ, ಅಡುಗೆಮನೆಯ ಕಿಟಕಿಯಿಂದ ಬಿಸಿಲು ಒಳಗೆ ಬಂದು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಚಾರುಲತಾ ಚಪ್ಪಲಿ ಬಿಟ್ಟು, ಹೆಗಲಿನ ಬ್ಯಾಗು ತೆಗೆಯದೆ, ಅದರ ನಡುವೆ ಕೂತಳು. ಪಕ್ಕದ ಮನೆಯಲ್ಲಿ ಯಾರೋ ಮರಾಠಿಯಲ್ಲಿ ಮಗುವನ್ನು ತಿಂಡಿಗೆ ಕರೆಯುತ್ತಿದ್ದರು. ಬಿಸಿಲು ಅವಳ ಪಾದ ಬಿಟ್ಟು ಗ್ಯಾಸ್ ಸಿಲಿಂಡರಿನ ಮೇಲೇರಿತು, ಅಲ್ಲಿಂದ ಗೋಡೆಗೆ. ದೀಪ ಹಾಕಲು ಇನ್ನೂ ಹೊತ್ತಿತ್ತು.