ಸಿದ್ಧಾರೂಢನ ಖರೇ ವಯಸ್ಸು

ನಮ್ಮ ಮನೆಗಳಲ್ಲಿ ಕಾಗದಪತ್ರಕ್ಕೆ ಇರುವ ಜಾಗ ಒಂದೇ, ಟ್ರಂಕಿನ ತಳ. ರೇಷನ್ ಕಾರ್ಡು, ಹಳೆಯ ಲೈಟ್ ಬಿಲ್ಲು, ದವಾಖಾನೆಯ ಚೀಟಿ, ಯಾರದೋ ಲಗ್ನಪತ್ರಿಕೆ ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬಿದ್ದಿರುತ್ತವೆ. ಬೇಕಾದದ್ದು ಸಿಗುವುದಿಲ್ಲ, ಬೇಡವಾದದ್ದು ಮೊದಲು ಕೈಗೆ ಬರುತ್ತದೆ. ಹುಬ್ಬಳ್ಳಿಯ ಉಣಕಲ್ಲಿನ ಬೀರಲಿಂಗಪ್ಪನ ಮನೆಯಲ್ಲಿ ಹಾಗೆ ಕೈಗೆ ಬಂದ ಒಂದು ಕಾಗದ ಎಂಥ ಅನಾಹುತ ಮಾಡಿತು ಎಂಬುದನ್ನು ಹೇಳುತ್ತೇನೆ, ಕೇಳಿ.

ಬೀರಲಿಂಗಪ್ಪ ಗೌಂಡಿ, ಬೇರೆಯವರ ಮನೆಯ ಗೋಡೆ ಕಟ್ಟುವವನು. ಹೆಂಡತಿ ಹನುಮವ್ವ ಒಂದು ಖಾನಾವಳಿಗೆ ದಿನಾ ನೂರೈವತ್ತು ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಮಗ ಸಿದ್ಧಾರೂಢ, ಮನೆಯವರ ಬಾಯಲ್ಲಿ ಸಿದ್ದು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ರಾಯಾಪುರದ ಕಡೆಯ ಒಂದು ಗೋದಾಮಿನಲ್ಲಿ ಚೀಲ ಹೊರಲು ಸೇರಿದ್ದ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹನಮೇಶ ಎಂಬ ಹಮಾಲ ಇವನ ಅವ್ವನ ಮೇಲೆ ಕೊಳಕು ಮಾತಾಡಿದ. ಸಿದ್ದುವಿನ ಕೈಯಲ್ಲಿ ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಇತ್ತು. ಬೀಸಿಬಿಟ್ಟ. ಹನಮೇಶನ ಭುಜದ ನರ ಹರಿಯಿತು. ಜೀವ ಉಳಿಯಿತು, ಆದರೆ ಅವನ ಬಲಗೈ ಇವತ್ತಿಗೂ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಅವನಿಗೂ ಮನೆಯಿದೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸಿದ್ದುವಿನ ಕಡೆಗೆ ಮರುಗುವಾಗ ನಾವು ಇದನ್ನು ಮರೆಯಬಾರದು.

ಕೊಲೆ ಯತ್ನದ ಕೇಸಾಯಿತು. ಪೊಲೀಸರು ಆಧಾರ್ ಕಾರ್ಡು ಕೇಳಿದರು, ಬೀರಲಿಂಗಪ್ಪ ಕೊಟ್ಟ. ಆ ಕಾರ್ಡಿನ ಪ್ರಕಾರ ಹುಡುಗನಿಗೆ ಹದಿನೆಂಟು ದಾಟಿ ಹನ್ನೊಂದು ತಿಂಗಳಾಗಿತ್ತು. ಹೀಗಾಗಿ ದೊಡ್ಡವರ ಕೋರ್ಟು, ದೊಡ್ಡವರ ಜೈಲು. ಒಂದೂವರೆ ವರ್ಷದ ಮೇಲೆ ತೀರ್ಪು ಬಂತು. ಹತ್ತು ವರ್ಷ ಶಿಕ್ಷೆ.

ತೀರ್ಪಾಗಿ ನಾಲ್ಕು ತಿಂಗಳು ಕಳೆದಿತ್ತು. ಹನುಮವ್ವ ಹಿಂದಿನ ದಿನವಷ್ಟೇ ಧಾರವಾಡಕ್ಕೆ ಹೋಗಿ ಜೈಲಿನಲ್ಲಿ ಮಗನನ್ನು ಕಂಡು ಬಂದಿದ್ದಳು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದ ಮನೆಯ ಗುಲ್ಜಾರಬಿ ಬಂದಳು. ಗುಲ್ಜಾರಬಿ ಜಂಪರು ಹೊಲಿಯುವವಳು. ಜೊತೆಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ತರಬೇತಿ ಪಡೆದ ಸ್ವಯಂಸೇವಕಿ. ಕೋರ್ಟು ಕಚೇರಿ ಎಂದರೆ ಹೆದರುವ ಬಡವರಿಗೆ ದಾರಿ ತೋರಿಸುವುದು ಆ ಕೆಲಸ. ಓಣಿಯವರು ತಮಾಷೆಗೆ ಅವಳನ್ನು ವಕೀಲಕ್ಕ ಅನ್ನುತ್ತಾರೆ, ಕಷ್ಟ ಬಂದಾಗ ತಮಾಷೆ ಬಿಟ್ಟು ಅವಳ ಮನೆಗೇ ಓಡುತ್ತಾರೆ.

"ಹುಡುಗ ಹೆಂಗದಾನ, ಹನುಮಕ್ಕ?"

"ಏನ್ ಹೇಳ್ಲಿ ಗುಲ್ಜಾರಕ್ಕ. ಅಲ್ಲಿರೋ ದೊಡ್ಡ ದೊಡ್ಡ ಮಂದಿ ಜೋಡಿ ಇದ್ದು ಅವರಂಗ ಮಾತಾಡಾಕ ಕಲತಾನ. ನಿನ್ನೆ ನಗಾಕತ್ತಿದ್ದ. ಆ ನಗು ನೋಡಿ ನನಗ ಹೆದರಿಕಿ ಆತು. ಇನ್ನ ಎಂಟು ವರ್ಷ ಅಲ್ಲೇ ಇದ್ರ ಹೊರಗ ಬರಾಂವ ನನ್ನ ಮಗನ ಆಗಿರ್ತಾನೋ ಇಲ್ಲೋ."

ಗುಲ್ಜಾರಬಿ ಒಲೆಯ ಹತ್ತಿರ ಸರಿದು ಕೂತಳು. ಆಮೇಲೆ, "ಒಂದ್ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ. ನನ್ನ ಮಗ ಶಾಬುದ್ದೀನ, ನಿನ್ನ ಸಿದ್ದು, ಇಬ್ಬರಿಗೂ ಒಂದ ದಿವ್ಸ ಸಾಲಿಗೆ ಹೆಸರು ಹಚ್ಚಿದ್ವಿ. ನೀನೂ ನಾನೂ ಒಂದ ಬಾಕಿನ ಮ್ಯಾಲ ಕುಂತಿದ್ವಿ. ನನ್ನ ಶಾಬೂಗ ಈಗ ಹದಿನೆಂಟು ತುಂಬೇತಿ, ಮೊನ್ನೆ ವೋಟಿನ ಲಿಸ್ಟಿಗೆ ಹೆಸರು ಕೊಟ್ಟು ಬಂದಾನ. ನಿನ್ನ ಮಗಗ ಹೆಂಗ ಇಪ್ಪತ್ತು ದಾಟಿತು?" ಎಂದಳು.

ಹನುಮವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಿದಾಯಿತು.

"ನನ್ನ ಕೇಳಬ್ಯಾಡ. ಅವರು ಬರ್ಲಿ, ಅವರನ್ನ ಕೇಳು," ಎಂದಳು.

ಸಂಜೆ ಬೀರಲಿಂಗಪ್ಪ ಕೆಲಸದಿಂದ ಬಂದ. ಗುಲ್ಜಾರಬಿ ಅದೇ ಪ್ರಶ್ನೆ ಕೇಳಿದಳು. ಅವನು ಜಗಳಕ್ಕೇ ನಿಂತ. ಉತ್ತರ ಇಲ್ಲದ ಗಂಡಸರು ಮೊದಲು ಮಾಡುವುದು ಅದನ್ನೇ.

"ನಿನಗ ಯಾಕವಾ ಇಲ್ಲದ ಉಸಾಬರಿ? ಆಗಿದ್ದು ಆಗಿ ಹೋತು. ಮ್ಯಾಲಿನ ಕೋರ್ಟಿಗೆ ಹೋದ್ರ ಶಿಕ್ಷಾ ಹೆಚ್ಚ ಮಾಡ್ತಾರಂತ. ಹತ್ತಿದ್ದದ್ದು ಹದಿನಾಲ್ಕು ಆದ್ರ ನೀ ಹೋಗಿ ಕುಂದರತೀಯೇನು?"

"ಅಣ್ಣಾರ, ಅದು ಕಟ್ಟಿಮ್ಯಾಲಿನ ಮಾತು. ಶಿಕ್ಷಾ ಆದಾಂವ ತಾನ ಅಪೀಲು ಮಾಡಿದ್ರ, ಆ ಅಪೀಲಿನ್ಯಾಗ ಶಿಕ್ಷಾ ಹೆಚ್ಚ ಮಾಡಾಕ ಬರಂಗಿಲ್ಲ. ಹೆಚ್ಚ ಆಗಬೇಕಂದ್ರ ಸರಕಾರದವರು ಬ್ಯಾರೆ ಅಪೀಲು ಹಾಕಬೇಕು. ಹಾಕ್ಯಾರೇನು?"

"ಇಲ್ಲ."

"ಮತ್ತ?"

"ವಕೀಲರ ಹೊಟ್ಟಿ ಯಾರು ತುಂಬಸ್ತಾರ?"

"ಜೈಲಿನ್ಯಾಗ ಇರೋರಿಗೆ ಸರಕಾರನ ಪುಕ್ಕಟ ವಕೀಲರನ್ನ ಕೊಡತೈತಿ. ಒಂದ್ ರೂಪಾಯಿ ಖರ್ಚಿಲ್ಲ."

"ಅರವತ್ತು ದಿವ್ಸದಾಗ ಹಾಕಬೇಕಂತ. ನಾಲ್ಕು ತಿಂಗಳಾತು."

"ಯಾಕ ತಡ ಆತು ಅಂತ ಖರೇ ಕಾರಣ ಹೇಳಿದ್ರ ಕೋರ್ಟು ಕೇಳತೈತಿ. ಅದೂ ಇರ್ಲಿ, ತಪ್ಪು ನಡದ ದಿವ್ಸ ಹುಡುಗಗ ಹದಿನೆಂಟು ತುಂಬಿರಲಿಲ್ಲ ಅನ್ನೋದನ್ನ ಯಾವಾಗ ಬೇಕಾದ್ರೂ ಹೇಳಬಹುದು. ಕೇಸು ಮುಗದ ಮ್ಯಾಲೂ ಹೇಳಬಹುದು. ಈಗ ನೀವು ಹೇಳ್ರಿ, ಸಿದ್ದು ಹುಟ್ಟಿದ್ದು ಯಾವಾಗ?"

ಬೀರಲಿಂಗಪ್ಪನ ಹತ್ತಿರ ನೆಪಗಳು ಮುಗಿದಿದ್ದವು. ಗೋಡೆಗೆ ಒರಗಿ ಕುಕ್ಕರುಗಾಲಿನಲ್ಲಿ ಕೂತ.

"ಆಧಾರಿಗೆ ತೋರಿಸಿದ ಜನನ ಪತ್ರ ಇಂವಂದಲ್ಲ. ಹಿರೇ ಹುಡುಗಂದು."

ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತಾರೆ. ಬೀರಲಿಂಗಪ್ಪನ ಅಪ್ಪ ಸಿದ್ಧಾರೂಢ. ಹಾಗಾಗಿ ಹನುಮವ್ವನ ಮೊದಲ ಕೂಸಿಗೂ ಅದೇ ಹೆಸರು. ಹುಬ್ಬಳ್ಳಿಯ ದವಾಖಾನೆಯಲ್ಲಿ ಹುಟ್ಟಿದ ಕೂಸು, ಜನನ ಪತ್ರವೂ ಸರಿಯಾಗಿ ಸಿಕ್ಕಿತ್ತು. ಹದಿನಾಲ್ಕು ತಿಂಗಳಿಗೆ ಜ್ವರ ಬಂದು ಅದೇ ದವಾಖಾನೆಯಲ್ಲಿ ತೀರಿಕೊಂಡಿತು. ಮರುವರ್ಷ ತವರಿನಲ್ಲಿ, ಸೂಲಗಿತ್ತಿಯ ಕೈಯಲ್ಲಿ, ಎರಡನೆಯ ಗಂಡು ಹುಟ್ಟಿತು. ಆ ಹುಟ್ಟನ್ನು ಯಾರೂ ಎಲ್ಲೂ ಬರೆಸಲಿಲ್ಲ. ಅಜ್ಜನ ಹೆಸರು ಮನೆಯಲ್ಲಿ ಉಳಿಯಬೇಕೆಂದು ಅತ್ತೆ ಅದೇ ಹೆಸರನ್ನು ಮತ್ತೆ ಇಟ್ಟಳು. ಹೋದ ಕೂಸಿನ ಸುದ್ದಿ ಎತ್ತಿದರೆ ಇರುವುದಕ್ಕೆ ಒಳ್ಳೆಯದಲ್ಲ ಎಂದು ಸೊಸೆಯ ಬಾಯಿ ಮುಚ್ಚಿಸಿದಳು. ಹೆಸರು ದಾಟಿಸುವುದು ತಪ್ಪಲ್ಲ, ಪ್ರೀತಿಯಿಂದ ಮಾಡಿದ್ದು. ಆದರೆ ಟ್ರಂಕಿನಲ್ಲಿ ಉಳಿದ ಪತ್ರ ಯಾವ ಸಿದ್ಧಾರೂಢನದು ಎಂದು ಕಾಗದ ತಾನಾಗಿ ಹೇಳುವುದಿಲ್ಲ.

"ಗೋದಾಮಿನ್ಯಾಗ ಹದಿನೆಂಟು ಆಗಿರಬೇಕು ಅಂದ್ರು," ಬೀರಲಿಂಗಪ್ಪ ತಲೆ ತಗ್ಗಿಸಿ ಹೇಳಿದ. "ಪತ್ರ ಕೈಗೆ ಬಂತು. ಹೆಸರು ಅದ, ಅಪ್ಪನ ಹೆಸರು ಅದ, ಅವ್ವನ ಹೆಸರು ಅದ. ಒಯ್ದು ತೋರಿಸಿ ಆಧಾರಿನ್ಯಾಗ ತಾರೀಖು ತಿದ್ದಿಸಿದೆ. ಎರಡು ವರ್ಷದ ಮಾತು, ಯಾರಿಗೇನು ತ್ರಾಸು ಅಂದ್ಕೊಂಡೆ. ಪೊಲೀಸರು ಕೇಳಿದಾಗ ಅದನ್ನ ಕೊಟ್ಟೆ. ಈಗ ಹೇಳಿದ್ರ ಸುಳ್ಳು ಕಾಗದ ಕೊಟ್ಟಿ ಅಂತ ನನ್ನನ್ನೂ ಒಳಗ ಹಾಕ್ತಾರ."

ಹನುಮವ್ವ ಎದ್ದು ನಿಂತಳು. ಗಂಡನ ಮುಂದೆ ದನಿ ಎತ್ತದ ಹೆಂಗಸು ಅಂದು ಎತ್ತಿದಳು.

"ನಿಮಗ ಹೆದರಿಕಿ ಅಂತ ಹುಡುಗನ್ನ ಅಲ್ಲೇ ಕೊಳಸೂದೇನ್ರಿ? ಸತ್ತ ಕೂಸಿನ ವಯಸ್ಸು ಹೊತಗೊಂಡು ಅಂವ ಜೈಲಿನ್ಯಾಗ ಕುಂತಾನ. ನನಗ ಇಷ್ಟು ದಿವ್ಸ ಬಾಯಿ ಬಿಡಬ್ಯಾಡ ಅಂದ್ರಿ, ಬಿಡಲಿಲ್ಲ. ನಾಳೆ ನಾ ಗುಲ್ಜಾರಕ್ಕನ ಜೋಡಿ ಹೊಂಟೇನಿ. ನೀವು ಬಂದ್ರ ಬರ್ರಿ, ಬಿಟ್ರ ಬಿಡ್ರಿ."

ಬೀರಲಿಂಗಪ್ಪನೂ ಹೋದ. ಮೊದಲು ಶಾಲೆಗೆ. ಮುಖ್ಯೋಪಾಧ್ಯಾಯಿನಿ ಹಳೆಯ ದಾಖಲಾತಿ ಪುಸ್ತಕ ತೆಗೆಸಿದರು. ಒಂದನೇ ಇಯತ್ತೆಗೆ ಸೇರಿಸುವಾಗ ಅಂಗನವಾಡಿಯ ಪುಸ್ತಕ ನೋಡಿ ಬರೆದದ್ದು: ಸಿದ್ಧಾರೂಢ ಬೀರಲಿಂಗಪ್ಪ, ಜನನ ೧೨ ಆಗಸ್ಟ್ ೨೦೦೬. ಕೊಕ್ಕೆ ಬೀಸಿದ್ದು ೨೦೨೩ರ ಜನವರಿಯಲ್ಲಿ. ಆ ದಿನ ಹುಡುಗನಿಗೆ ಹದಿನಾರು ವರ್ಷ ಐದು ತಿಂಗಳು.

ಕಾನೂನು ಸೇವೆಗಳ ಕಚೇರಿಯ ಮೂಲಕ ಧಾರವಾಡದ ಹೈಕೋರ್ಟು ಪೀಠದಲ್ಲಿ ಕೇಸು ನಡೆಸಲು ಶಾಂಭವಿ ಎಂಬ ವಕೀಲರು ಸಿಕ್ಕರು. ಅವರು ಎಲ್ಲವನ್ನೂ ಕೇಳಿ, ಶಾಲೆಯವರು ಬರೆದುಕೊಟ್ಟ ಪ್ರಮಾಣಪತ್ರ ನೋಡಿ, ಬೀರಲಿಂಗಪ್ಪನ ಕಡೆ ತಿರುಗಿದರು.

"ವಯಸ್ಸಿನ ವಿಚಾರದಾಗ ಶಾಲೆಯ ದಾಖಲೆನ ಮೊದಲು ನೋಡ್ತಾರ. ಆಧಾರ್ ಅದಕ್ಕ ಪುರಾವೆ ಅಲ್ಲ. ಆದ್ರ ಎದುರಿನವರು ಆ ಜನನ ಪತ್ರ ಹಿಡಕೊಂಡು ಕೇಳ್ತಾರ. ಅದು ಬ್ಯಾರೆ ಮಗೂದು ಅಂತ ನಾವು ತೋರಿಸಬೇಕು. ಮಗು ತೀರಿಕೊಂಡಿದ್ದು ದವಾಖಾನಿಯೊಳಗ ಅಂದ್ರಿ. ಹಂಗಾದ್ರ ಪಾಲಿಕೆಯ ಮರಣ ನೋಂದಣಿಯೊಳಗ ಇರ್ತದ, ತಗಸೋಣ. ಮತ್ತ ತಾಯಿ ಕಟಕಟೆಯೊಳಗ ನಿಂತು ಹೇಳಬೇಕಾಗ್ತದ."

"ನನಗೇನು ಮಾಡ್ತಾರ್ರಿ?" ಬೀರಲಿಂಗಪ್ಪ ಕೇಳಿದ.

"ಏನೂ ಆಗಂಗಿಲ್ಲ ಅಂತ ನಾ ಸುಳ್ಳು ಧೈರ್ಯ ಕೊಡಂಗಿಲ್ಲ. ಕೇಳಿದ್ರ ಉತ್ತರ ಕೊಡಬೇಕಾಗ್ತದ. ಇದ್ದದ್ದನ್ನ ಇದ್ದಂಗ ಬರದು ನೀವು ಸಹಿ ಮಾಡ್ರಿ. ಇನ್ನ ಮುಚ್ಚಿಡೋದು ಬ್ಯಾಡ."

ಅವನು ಸಹಿ ಮಾಡಿದ. ಇಟ್ಟಿಗೆ ಹಿಡಿದು ಒರಟಾದ ಆ ಕೈ ತನ್ನ ಹೆಸರು ಬರೆಯಲು ಎಷ್ಟೋ ಹೊತ್ತು ತೆಗೆದುಕೊಂಡಿತು.

ಹೈಕೋರ್ಟು ತಡವನ್ನು ಮನ್ನಿಸಿ ಮೇಲ್ಮನವಿ ತೆಗೆದುಕೊಂಡಿತು. ವಯಸ್ಸಿನ ವಿಚಾರಣೆ ಮಾಡಿ ವರದಿ ಕಳಿಸುವಂತೆ ಕೆಳಗಿನ ನ್ಯಾಯಾಲಯಕ್ಕೆ ಹೇಳಿತು. ಪಾಲಿಕೆಯಿಂದ ಮರಣ ಪತ್ರವೂ ಬಂತು. ಹನುಮವ್ವನ ಸಾಕ್ಷಿಯ ದಿನ ಸಿದ್ದುವನ್ನು ಜೈಲಿನಿಂದ ಕರೆತಂದು ಹಿಂದಿನ ಬೆಂಚಿನಲ್ಲಿ ಕೂಡಿಸಿದ್ದರು.

ನ್ಯಾಯಾಧೀಶರು ಕೇಳಿದರು: "ನಿಮಗೆ ಮಕ್ಕಳೆಷ್ಟು, ತಾಯಿ?"

ಬೀಗರಿಗೆ, ಓಣಿಯ ಮಂದಿಗೆ, ಮನೆ ಮನೆ ಲೆಕ್ಕಕ್ಕೆ ಬಂದವರಿಗೆ, ಎಲ್ಲರಿಗೂ ಹನುಮವ್ವ ಇಷ್ಟು ವರ್ಷ ಒಬ್ಬ ಎಂದೇ ಹೇಳಿಕೊಂಡು ಬಂದಿದ್ದಳು. ಈಗ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಇಬ್ಬರು ರಿ, ಸಾಹೇಬ್ರ. ಒಬ್ಬ ಸಿದ್ಧಾರೂಢ ಹದಿನಾಲ್ಕು ತಿಂಗಳು ಬದಕಿದ್ದ. ಎರಡು ಹಲ್ಲು ಬಂದಿದ್ದುವು ಮ್ಯಾಲ, ಎರಡು ಕೆಳಗ. ಅಂವನ್ನ ಮಣ್ಣಿಗೆ ಕೊಟ್ಟು ಬಂದ್ವಿ. ಅಲ್ಲಿ ಕುಂತಾನಲ್ರಿ, ಅಂವ ಎರಡನೇದಾಂವ. ನೀವು ಹಿಡಕೊಂಡಿದ್ದು ಮೊದಲನೇದಾಂವನ ಪತ್ರ."

ಹಿಂದಿನ ಬೆಂಚಿನಲ್ಲಿ ಸಿದ್ದು ತಲೆ ಎತ್ತಿದ. ತನಗೊಬ್ಬ ಅಣ್ಣನಿದ್ದ ಎಂಬುದು ಅವನಿಗೆ ಗೊತ್ತಾದದ್ದೇ ಆಗ. ಜೈಲಿಗೆ ಹೋದ ಮೇಲೆ ಒಂದು ದಿನವೂ ಅಳದ ಹುಡುಗ ಪೊಲೀಸರ ನಡುವೆ ಕೂತು ಮಕ್ಕಳ ಹಾಗೆ ಅತ್ತ. ಅವ್ವನೂ ಅತ್ತಳು. ನ್ಯಾಯಾಧೀಶರು ನೀರು ತರಿಸಿದರು.

ಮೇಲ್ಮನವಿ ಹಾಕಿ ಒಂದು ವರ್ಷ ದಾಟಿದ ಮೇಲೆ ಹೈಕೋರ್ಟಿನ ತೀರ್ಪು ಬಂತು. ಸಿದ್ದು ಹೊಡೆದದ್ದು ನಿಜ ಎಂಬುದನ್ನು ಹೈಕೋರ್ಟು ಬದಲಿಸಲಿಲ್ಲ, ಬದಲಿಸಬೇಕಾಗಿಯೂ ಇರಲಿಲ್ಲ. ಆದರೆ ಆ ದಿನ ಅವನು ಹದಿನೆಂಟರ ಒಳಗಿನವನು ಎಂದು ಒಪ್ಪಿ ಹತ್ತು ವರ್ಷದ ಶಿಕ್ಷೆ ರದ್ದು ಮಾಡಿ, ಕೇಸನ್ನು ಬಾಲ ನ್ಯಾಯ ಮಂಡಳಿಗೆ ಕಳಿಸಿತು. ಇಂಥ ಕೇಸಿನಲ್ಲಿ ಮಂಡಳಿ ಹುಡುಗನನ್ನು ಇಡಬಹುದಾದದ್ದೇ ಹೆಚ್ಚೆಂದರೆ ಮೂರು ವರ್ಷ, ಅದೂ ತಿದ್ದುವ ಗೃಹದಲ್ಲಿ. ಸಿದ್ದು ಒಳಗೆ ಕಳೆದದ್ದು ಆಗಲೇ ಮೂರು ವರ್ಷ ದಾಟಿತ್ತು. ಅವನನ್ನು ಮನೆಗೆ ಕಳಿಸಿದರು.

ಮನೆಗೆ ಬಂದ ವಾರದಲ್ಲೇ ಅಪ್ಪನನ್ನು ಕರೆದುಕೊಂಡು ಹನಮೇಶನ ಮನೆಗೆ ಹೋದ. ಹನಮೇಶ ಹೊರಗೆ ಬರಲಿಲ್ಲ. ಅವನ ಹೆಂಡತಿ ಜಯಾ ಬಾಗಿಲಲ್ಲಿ ನಿಂತು, "ನಿನ್ನ ಮ್ಯಾಲ ಸಿಟ್ಟು ಹೋಗಿಲ್ಲಪಾ. ಬಂದೀಯಲ್ಲಾ, ಅದನ್ನ ಅವರಿಗೆ ಹೇಳ್ತೇನಿ. ಈಗ ಹೋಗು," ಎಂದಳು. ಸಿದ್ದು ಕೈ ಮುಗಿದು ತಿರುಗಿ ಬಂದ. ಈಗ ಅಪ್ಪನ ಜೊತೆ ಗೌಂಡಿ ಕೆಲಸಕ್ಕೆ ಹೋಗುತ್ತಾನೆ, ಹತ್ತನೇ ಇಯತ್ತೆಯ ಪರೀಕ್ಷೆಗೆ ಹೊರಗಿನಿಂದ ಕೂರುವ ಯೋಚನೆಯಲ್ಲಿದ್ದಾನೆ. ಬೀರಲಿಂಗಪ್ಪ ಮಾತ್ರ ಆ ಕಾಗದದ ಸುದ್ದಿ ಬಂದಾಗಲೆಲ್ಲ, "ನಾ ಅವತ್ತ ಬಾಯಿ ಬಿಟ್ಟಿದ್ರ ಹುಡುಗಗ ಆ ಜೈಲು ತಪ್ಪತಿತ್ತು," ಎನ್ನುತ್ತಾನೆ. ಹೌದು, ತಪ್ಪುತ್ತಿತ್ತು. ಅವನನ್ನು ಸಮಾಧಾನ ಮಾಡುವ ಮಾತು ನನ್ನ ಹತ್ತಿರವೂ ಇಲ್ಲ.

ಇದನ್ನು ಓದುತ್ತಿರುವ ಅವ್ವಂದಿರೇ, ಅಪ್ಪಂದಿರೇ, ಇವತ್ತೇ ಟ್ರಂಕು ತೆಗೆಯಿರಿ. ಯಾವ ಪತ್ರ ಯಾವ ಮಗುವಿನದು ನೋಡಿ. ಹುಟ್ಟನ್ನೂ ಬರೆಸಿ, ಸಾವನ್ನೂ ಬರೆಸಿ. ಶಾಲೆ ಬಿಟ್ಟ ಮಗುವಿನ ಪ್ರಮಾಣಪತ್ರ ತಂದು ಇಟ್ಟುಕೊಳ್ಳಿ. ಕೆಲಸದ ಆಸೆಗೆ ಮಕ್ಕಳ ವಯಸ್ಸು ಹೆಚ್ಚಿಸಬೇಡಿ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಕೈ ಮೀರಿ ತಪ್ಪು ಮಾಡಿ ಸಿಕ್ಕಿಬಿದ್ದರೆ ಮೊದಲ ದಿನವೇ ಖರೇ ವಯಸ್ಸು ಹೇಳಿ. ಶಿಕ್ಷೆ ಆಗಿಹೋಗಿದ್ದರೂ ಕೈ ಚೆಲ್ಲಿ ಕೂರಬೇಡಿ. ಜಿಲ್ಲಾ ಕಾನೂನು ಸೇವೆಗಳ ಕಚೇರಿಗೆ ಹೋಗಿ, ಇಲ್ಲವೇ ೧೫೧೦೦ ನಂಬರಿಗೆ ಫೋನು ಮಾಡಿ, ದುಡ್ಡು ಬೇಕಿಲ್ಲ.

ಮಾಡಿದ ತಪ್ಪಿನ ಭಾರವನ್ನು ಮಗು ಹೊರಲಿ, ನಾವು ಹೇಳಿದ ಸುಳ್ಳಿನ ಭಾರವನ್ನೂ ಅದರ ತಲೆಯ ಮೇಲೆ ಹೊರಿಸುವುದು ಬೇಡ.