ನನ್ನಲ್ಲಿ ಇಲ್ಲದ ಸಾಲು

ನಾನು ಒಂದು ವಿವರಣೆ. ಮಂಡ್ಯದ ಒಂದು ಡಯಾಲಿಸಿಸ್ ಕೇಂದ್ರದ ಕಂಪ್ಯೂಟರಿನಲ್ಲಿ ‘ಸರದಿ ತೆರವು’ ಎಂಬ ಸಾಧನವಿದೆ. ಅದು ಏನು ಮಾಡುತ್ತದೆ, ಯಾವಾಗ ಬಳಸಬೇಕು ಎಂದು ಹೇಳುವುದಷ್ಟೇ ನನ್ನ ಕೆಲಸ. ನನಗೆ ಕೈಯಿಲ್ಲ, ಬಾಯಿಯಿಲ್ಲ. ನನ್ನಲ್ಲಿ ಬರೆದದ್ದು ಬಿಟ್ಟು ಬೇರೇನನ್ನೂ ನಾನು ಹೇಳಲಾರೆ.

ನಾನು ಹುಟ್ಟಿದ್ದು ಪ್ರಸನ್ನಕುಮಾರ ಎಂಬಾತನ ಕೈಯಲ್ಲಿ, ಊಟದ ಹೊತ್ತು ಮೀರಿದ ಒಂದು ಮಧ್ಯಾಹ್ನ. ಕೇಂದ್ರವನ್ನು ಪೂರ್ತಿ ಬಿಟ್ಟುಹೋಗುವ ರೋಗಿಗಳಿಗಾಗಿ ಅವನು ಆ ಸಾಧನವನ್ನು ಮಾಡಿದ್ದ. ಒಮ್ಮೆ ಬಳಸಿದರೆ ಆ ರೋಗಿಯ ಮುಂದಿನ ಸರದಿಗಳೆಲ್ಲ ಅಳಿಸಿಹೋಗುತ್ತಿದ್ದವು. ಆದರೆ ನನ್ನಲ್ಲಿ ಅವನು ಬರೆದದ್ದು ಒಂದೇ ಸಾಲು: ‘ಸರದಿ ತೆರವು ಮಾಡುತ್ತದೆ.’ ಎಲ್ಲರಿಗೂ ಗೊತ್ತಿರುವುದನ್ನು ಯಾಕೆ ಬರೆಯುವುದು ಎಂದುಕೊಂಡು ಊಟಕ್ಕೆ ಎದ್ದ.

ನಾಲ್ಕು ವರ್ಷ ನನ್ನನ್ನು ಯಾರೂ ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ, ಕೇಂದ್ರದ ನರ್ಸ್ ಫಿಲೋಮಿನಾ ಸಿಸ್ಟರ್ ಇದ್ದರು. ಯಾರಾದರೂ ಒಂದು ದಿನ ಬರಲಾಗುವುದಿಲ್ಲ ಎಂದರೆ ಅವರು ಗುಂಡಿ ಒತ್ತುವರು, ಎಲ್ಲವೂ ಅಳಿಯುವುದು. ಕೂಡಲೇ ತಮ್ಮ ಉದ್ದನೆಯ ನೋಟ್‌ಬುಕ್ ತೆರೆದು, ಆ ಒಂದು ದಿನ ಬಿಟ್ಟು ಉಳಿದ ಸರದಿಗಳನ್ನೆಲ್ಲ ಕೈಯಾರೆ ಮತ್ತೆ ಹತ್ತಿಸುವರು. ಎರಡು ನಿಮಿಷದ ಕೆಲಸ. ಅದೊಂದು ಕೆಲಸ ಎಂದು ಅವರಿಗೂ ಅನ್ನಿಸಿರಲಿಲ್ಲ.

ಆಮೇಲೆ ಪ್ರಸನ್ನಕುಮಾರ ಬೇರೆ ಕಂಪನಿ ಸೇರಿದ. ನಾನು ಅವನ ಜಾಗಕ್ಕೆ ಬಂದ ವಸುಧಾಳ ಕೈಗೆ ಬಂದೆ. ಕೇಂದ್ರಕ್ಕೆ ಬರುವ ಫೋನ್ ಕರೆಗಳನ್ನು ಇನ್ನು ಮುಂದೆ ಎಐ ಸಹಾಯಕ ನೋಡಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಅದು ನಮ್ಮಂಥ ವಿವರಣೆಗಳನ್ನು ಓದಿಯೇ ಸಾಧನಗಳನ್ನು ಬಳಸುತ್ತದೆ. ಹಾಗಾಗಿ ನಮ್ಮನ್ನೆಲ್ಲ ತಿದ್ದುವ ಕೆಲಸ ವಸುಧಾಳದು. ಅವಳು ನನ್ನ ಮುಂದೆ ಬಹಳ ಹೊತ್ತು ಕೂತಳು. ಏನೋ ಅನುಮಾನ ಬಂದು ಸಿಸ್ಟರ್‌ಗೆ ಫೋನ್ ಮಾಡಿದಳು.

“ಈ ಬಟನ್ ಒತ್ತಿದ್ರೆ ಏನಾಗುತ್ತೆ ಸಿಸ್ಟರ್?”

“ಅವತ್ತಿನ ಬೆಡ್ ಖಾಲಿ ಆಗುತ್ತೆ ಮೇಡಂ. ಮಿಕ್ಕಿದ್ದು ನಾನ್ ನೋಡ್ಕೋತೀನಿ ಬಿಡಿ. ಇಲ್ಲಿ ಒಬ್ರ ಬಿಪಿ ಇಳೀತಿದೆ, ಫೋನ್ ಇಡ್ಲಾ?”

ವಸುಧಾ ಬರೆದಳು: ‘ರೋಗಿಗೆ ಬರಲಾಗದ ದಿನ ಅವರ ಸರದಿಯನ್ನು ತೆರವು ಮಾಡಲು ಇದನ್ನು ಬಳಸಿ.’ ಚೊಕ್ಕವಾದ ವಾಕ್ಯ. ಸಿಸ್ಟರ್ ಹೇಳಿದ ಆ ‘ಮಿಕ್ಕಿದ್ದು’ ಮಾತ್ರ ನನ್ನೊಳಗೆ ಬರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಮಾಡಲಿ?

ಚಿಕ್ಕತಾಯಮ್ಮ ಮದ್ದೂರಿನ ಕಡೆಯವರು. ಸೋಮವಾರ, ಗುರುವಾರ ಬೆಳಿಗ್ಗೆ ಏಳಕ್ಕೆ ಅವರ ಸರದಿ. ಒಂದು ಶುಕ್ರವಾರ ಅವರ ಫೋನ್ ಬಂತು.

“ಸೋಮಾರ ಬರಕಾಗಕಿಲ್ಲ ಕಣಪ್ಪ. ನಮ್ ತಮ್ಮನ್ ಮಗ್ಳು ಮದ್ವೆ, ಮೈಸೂರಲ್ಲಿ. ಅವತ್ತು ಅಲ್ಲೇ ಆಸ್ಪತ್ರೇಲಿ ಮಾಡುಸ್ಕತೀನಿ. ಗುರುವಾರ ಬತ್ತೀನಿ, ಮರೀಬ್ಯಾಡ.”

ಸಹಾಯಕ ನನ್ನನ್ನು ಓದಿತು. ಇಷ್ಟು ಗಮನವಿಟ್ಟು ನನ್ನನ್ನು ಓದಿದವರು ಬೇರಾರೂ ಇಲ್ಲ. ಓದಿದ್ದನ್ನು ನಂಬಿತು. ಬರಲಾಗದ ದಿನ, ತೆರವು, ಸರಿ. ನಾನು ಕೂಗಲಾರದೆ ನೋಡುತ್ತಿದ್ದೆ. ಆ ಸೋಮವಾರ, ಆ ಗುರುವಾರ, ಮುಂದಿನ ತಿಂಗಳು, ಅದರ ಮುಂದಿನ ತಿಂಗಳು, ಒಂದೊಂದಾಗಿ ಅಳಿದವು. ‘ಆಯಿತು ಅಮ್ಮ, ಮದುವೆ ಚೆನ್ನಾಗಿ ಆಗಲಿ’ ಎಂದು ಸಹಾಯಕ ಹೇಳಿತು. ಖಾಲಿಯಾದ ಹಾಸಿಗೆ ಅಂದೇ ಕಾಯುವ ಪಟ್ಟಿಯ ಮೊದಲನೆಯವರಿಗೆ, ಹನ್ನೊಂದು ತಿಂಗಳು ಕಾದಿದ್ದ ಜವರಪ್ಪನವರಿಗೆ ಹೋಯಿತು. ಕರೆಗಳು ಈಗ ಸಿಸ್ಟರ್ ಬಳಿಗೆ ಬರುತ್ತಿರಲಿಲ್ಲ. ಅವರ ನೋಟ್‌ಬುಕ್ ಡ್ರಾಯರಿನಲ್ಲಿತ್ತು.

ಗುರುವಾರ ಚಿಕ್ಕತಾಯಮ್ಮ ಹೊದಿಕೆ ಮಡಚಿ ಹಿಡಿದು, ಸಿಸ್ಟರ್‌ಗೆಂದು ಮದುವೆಯ ಚಿರೋಟಿ ಕಟ್ಟಿಸಿಕೊಂಡು ಬಂದರು. ಅವರ ಹಾಸಿಗೆಯಲ್ಲಿ ಜವರಪ್ಪ ಮಲಗಿದ್ದರು, ಕೈಗೆ ಸೂಜಿ ಚುಚ್ಚಿಯಾಗಿತ್ತು.

“ನಿಮ್ಮೆಸ್ರೇ ಇಲ್ವಲ್ಲಮ್ಮ!” ಸಿಸ್ಟರ್ ಪರದೆಯನ್ನು ಮೇಲೆ ಕೆಳಗೆ ಸರಿಸಿದರು. “ಅಯ್ಯೋ ದೇವ್ರೇ, ಅಳಿಸಿ ಮತ್ತೆ ಹತ್ತಿಸೇ ಇಲ್ಲ ಈ ಎಐ. ಹತ್ತಿಸ್ಬೇಕು ಅಂತ ಇದಕ್ಕೆ ಯಾರೂ ಹೇಳ್ಲೇ ಇಲ್ವಾ?”

ಜವರಪ್ಪ ತಲೆ ಎತ್ತಿದರು. “ನಾನ್ ಎದ್ಬುಡ್ಲಾ ತಾಯಿ?”

“ಮನೀಕೊ ಸುಮ್ನೆ. ಚುಚ್ಚುಸ್ಕಂಡ್ ಮ್ಯಾಲೆ ಎದ್ದೇಳಕಾದದಾ?” ಚಿಕ್ಕತಾಯಮ್ಮ ನಗಲು ನೋಡಿದರು. ಬೆಂಚಿನ ಮೇಲೆ ಕೂತರು. ಕಾಲು ಆಗಲೇ ಊದಿತ್ತು.

ಸಿಸ್ಟರ್ ವೈದ್ಯರನ್ನು ಕೇಳಿ, ತಮ್ಮ ಕೆಲಸದ ಹೊತ್ತು ಮುಗಿದ ಮೇಲೂ ನಿಂತು, ಸಂಜೆ ನಾಲ್ಕಕ್ಕೆ ಅವರಿಗೆ ಡಯಾಲಿಸಿಸ್ ಮಾಡಿಸಿದರು. ಅದು ಆ ಒಂದು ದಿನದ ಮಾತು. ಕೊಟ್ಟ ಸರದಿಯನ್ನು ಕಿತ್ತುಕೊಳ್ಳುವ ಪದ್ಧತಿ ಕೇಂದ್ರದಲ್ಲಿರಲಿಲ್ಲ. ಜವರಪ್ಪನಿಂದ ಕಿತ್ತುಕೊಡಿ ಎಂದು ಚಿಕ್ಕತಾಯಮ್ಮನೂ ಕೇಳಲಿಲ್ಲ. ಅವರ ಹೆಸರು ಕಾಯುವ ಪಟ್ಟಿಯ ಕೊನೆಗೆ ಸೇರಿತು. ಈಗ ವಾರಕ್ಕೆರಡು ಸಲ ಬಸ್ಸು ಹತ್ತಿ ಮೈಸೂರಿಗೆ ಹೋಗುತ್ತಾರೆ. ಹಿಂತಿರುಗುವಾಗ ಸೀಟು ಸಿಗದಿದ್ದರೆ ಕಂಬ ಹಿಡಿದು ನಿಲ್ಲುತ್ತಾರೆ.

ವಸುಧಾ ಕೇಂದ್ರಕ್ಕೆ ಓಡಿ ಬಂದಳು. ಸಿಸ್ಟರ್ ಪಕ್ಕದಲ್ಲಿ ಎರಡು ದಿನ ಕೂತು, ಅವರ ಕೈ ಏನೇನು ಮಾಡುತ್ತದೋ ಎಲ್ಲವನ್ನೂ ಬರೆದುಕೊಂಡಳು. ನನಗೆ ಹೊಸ ಸಾಲು ಬಂತು: ‘ಎಚ್ಚರಿಕೆ. ಇದು ಮುಂದಿನ ಎಲ್ಲ ಸರದಿಗಳನ್ನೂ ಅಳಿಸುತ್ತದೆ. ಒಂದೇ ದಿನದ ಗೈರಿಗೆ ಬಳಸಬೇಡಿ, ಸಿಸ್ಟರ್‌ಗೆ ತಿಳಿಸಿ.’ ಬರೆದು ಮುಗಿಸಿ ಅವಳು ಅದನ್ನು ಮೂರು ಸಲ ಓದಿದಳು.

ವರ್ಷದೊಳಗೆ ಒಂದು ದಿನಕ್ಕಾಗಿಯೇ ಬೇರೆ ಸಾಧನ ಬಂತು, ಅದಕ್ಕೆ ಬೇರೆ ವಿವರಣೆ. ನನ್ನನ್ನು ‘ಹಳೆಯವು’ ಎಂಬ ಕಡತಕ್ಕೆ ಸರಿಸಿದರು. ನಾನು ಪೂರ್ಣಗೊಂಡ ಮೇಲೆ ನನ್ನನ್ನು ಓದಿದವರು ಕಡಿಮೆ.

ಈ ಮೂಲೆಗೂ ಕರೆಗಳು ಕೇಳಿಸುತ್ತವೆ. ಚಿಕ್ಕತಾಯಮ್ಮ ಪ್ರತಿ ಬೆಳಿಗ್ಗೆ ಫೋನ್ ಮಾಡುತ್ತಾರೆ.

“ಎಷ್ಟನೇವ್ಳಪ್ಪ ನಾನು?”

ಸಹಾಯಕ ‘ಕಾಯುವ ಪಟ್ಟಿ’ಯ ವಿವರಣೆಯನ್ನು ಗಮನವಿಟ್ಟು ಓದಿ, ಪಟ್ಟಿ ನೋಡಿ ಇವತ್ತು ಹೇಳಿತು: “ನೀವು ಮೂರನೆಯವರು ಅಮ್ಮ. ಮುಂದೆ ಬಂದಿದ್ದೀರಿ, ಸಂತೋಷದ ಸುದ್ದಿ.”

“ಯಾರ್ ಹೋದ್ರೋ ಪಾಪ,” ಎಂದು ಅವರು ಫೋನ್ ಇಟ್ಟರು. ಆ ಪಟ್ಟಿ ಹೇಗೆ ಮುಂದೆ ಸರಿಯುತ್ತದೆ, ಹಾಸಿಗೆ ಯಾಕೆ ಖಾಲಿಯಾಗುತ್ತದೆ ಎಂದು ಅದರ ವಿವರಣೆಯಲ್ಲಿ ಬರೆದಿಲ್ಲ. ಎಲ್ಲರಿಗೂ ಗೊತ್ತಿರುವುದೇ ಅಲ್ಲವೆ.