ಕಮ್ಮನಹಳ್ಳಿಯ ಮುತ್ತಣ್ಣ

ಜಲಜಾಕ್ಷಿ ಎಂಬ ಹೆಂಗಸು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ ಬೆಳಗಿನ ಹನ್ನೊಂದು ಗಂಟೆ. ಚಪ್ಪಲಿಯನ್ನು ಬಾಗಿಲಲ್ಲಿ ಬಿಡಲಿಲ್ಲ, ಕಾಲಲ್ಲೂ ಇರಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದರು. ಕಳುವಾದೀತು ಎಂದೋ ಬೇರೆ ಉಪಯೋಗಕ್ಕೋ, ಕೇಳುವ ಧೈರ್ಯ ನನಗಾಗಲಿಲ್ಲ.

"ಮುತ್ತಣ್ಣ ಯಾರು ಇಲ್ಲಿ?"

ನಾನು ಬಸವಪ್ರಭುವನ್ನು ನೋಡಿದೆ. ಬಸವಪ್ರಭು ಕಂಪ್ಯೂಟರನ್ನು ನೋಡಿದ.

ನಮ್ಮ ಕಂಪನಿಯ ಹೆಸರು ಅಲೆವಾಣಿ. ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಕಬಾಬ್ ಅಂಗಡಿಯ ಮೇಲೆ ಎರಡು ಕೋಣೆ. ಕಡಲೆಕಾಯಿ ಗಾಡಿ ನಾಲ್ಕು ಹೆಜ್ಜೆ, ಕಡಲು ನಾನೂರು ಕಿಲೋಮೀಟರ್. ಸರ್ಕಾರಿ ಕೇಂದ್ರಗಳು ಹೊರಡಿಸುವ ಅಲೆ, ಗಾಳಿಗಳ ಅಂಕಿಗಳನ್ನು ಬಸವಪ್ರಭು ಕರಾವಳಿಯ ಒಂದೊಂದು ತುಂಡಿಗೂ ಬಿಡಿಸಿ ಬರೆಯುತ್ತಾನೆ. ಬಾಗಲಕೋಟೆ ಕಡೆಯವನು; ಸಮುದ್ರವನ್ನು ಒಮ್ಮೆ ಗೋಕರ್ಣದಲ್ಲಿ ಕಂಡು, ಸಾಕಷ್ಟಾಯಿತು ಎಂದು ವಾಪಸ್ ಬಂದವನು. ಅವನು ಬರೆದದ್ದನ್ನು ನಲವತ್ತು ಸೆಕೆಂಡಿನ ಧ್ವನಿ ಸಂದೇಶ ಮಾಡಿ ಆರುನೂರು ದೋಣಿಗಳ ಫೋನಿಗೆ ಕಳಿಸುವುದು ನನ್ನ ಕೆಲಸ. ನಾನು ಹಲಸೂರಿನ ಕೆಂಪರಾಜ.

ಮೊದಲ ತಿಂಗಳು ನನ್ನ ಸ್ವಂತ ದನಿಯಲ್ಲೇ ಹೇಳಿದೆ. ಯಾರೂ ಕೇಳಲಿಲ್ಲ. "ಬೆಂಗಳೂರಿನ ಮಾಣಿ ಹೇಳಿದ್ರೆ ಸಮುದ್ರ ಕೇಳ್ತದಾ?" ಎಂದು ಒಬ್ಬರು ಉತ್ತರ ಕಳಿಸಿದರು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಸಸ್ಪೆಂಡ್ ಆದವನು ನಾನು. ಸುಮ್ಮನಿರಲಾಗಲಿಲ್ಲ. ಎಪ್ಪತ್ತು ವರ್ಷದ, ಉಪ್ಪುಗಾಳಿಗೆ ಗಂಟಲು ತುಕ್ಕು ಹಿಡಿದ, ನಡುನಡುವೆ ಕೆಮ್ಮುವ ಒಬ್ಬ ಅಜ್ಜನನ್ನು ಹುಟ್ಟಿಸಿದೆ. ಹಿಂದೆ ಅಲೆಯ ಸದ್ದು ಹಾಕಿದೆ. "ಮುತ್ತಣ್ಣ ಹೇಳುದು ಮಾರಾಯ್ರೆ, ನಾಳೆ ಗಾಳಿ ಸ್ವಲ್ಪ ಜೋರುಂಟು." ಜನ ಕೇಳತೊಡಗಿದರು. ಕೆಮ್ಮಿಗೆ ಕಷಾಯ ಹೇಳಿದರು. ಒಬ್ಬರು ಒಣಮೀನು ಪಾರ್ಸೆಲ್ ಮಾಡಿದರು. ಅದನ್ನು ಲಿಂಗಾಯತ ಬಸವಪ್ರಭುವಿನ ಮೇಜಿನ ಮೇಲೆ ಬಿಚ್ಚಿದ್ದಕ್ಕೆ ಅವನು ನನ್ನೊಡನೆ ಎರಡು ದಿನ ಮಾತು ಬಿಟ್ಟ.

"ಮುತ್ತಣ್ಣ ಎಲ್ಲಿ ಅಂತ ಕೇಳಿದ್ದು," ಎಂದರು ಜಲಜಾಕ್ಷಿ.

"ಅವರು ರಜೆ ಮೇಲಿದ್ದಾರಮ್ಮ. ಕೆಮ್ಮು."

"ಯಾವ ಊರಿನವರು? ಮಲ್ಪೆಯಾ, ಗಂಗೊಳ್ಳಿಯಾ? ಯಾರ ಮನೆಯವರು?"

"ಹಾಗೇ... ಆ ಕಡೆ."

"ಆ ಕಡೆ ಅಂದ್ರೆ ಅರಬ್ಬಿ ದೇಶವಾ?"

ಅವರು ಕುಳಿತರು. ಊರು ಕೋಡಿಬೆಂಗ್ರೆ, ಹೊಳೆ ಕಡಲು ಸೇರುವ ಅಳಿವೆಯ ಪಕ್ಕ, ತಂಗಿಯ ಮನೆ ರಾಮಮೂರ್ತಿ ನಗರದಲ್ಲಿ, ಸಂದೇಶದ ಕೆಳಗಿದ್ದ ವಿಳಾಸ ಹಿಡಿದು ಬಂದದ್ದು ಎಂದು ಹೇಳಿದರು. ಗಂಡನದು ನಾಡದೋಣಿ, ಜೊತೆಗೆ ನಾಲ್ಕು ಜನ. ಹೋದ ಮಂಗಳವಾರ ಮುತ್ತಣ್ಣ "ನಾಳೆ ಯಾರೂ ಇಳಿಯುದು ಬೇಡ" ಎಂದಿದ್ದ. ಇವರು ಇಳಿಯಲಿಲ್ಲ. ಸಮುದ್ರ ಬಟ್ಟಲಲ್ಲಿಟ್ಟ ನೀರಿನ ಹಾಗಿತ್ತು. ದೊಡ್ಡ ಬೋಟಿನವರು ಹೋಗಿ ದಡದ ಹತ್ತಿರದಲ್ಲೇ ಬಂಗುಡೆ ಮೀನು ತುಂಬಿಕೊಂಡು ಬಂದರು.

"ಸಣ್ಣವರನ್ನು ಮನೆಯಲ್ಲಿ ಕೂರಿಸ್ಲಿಕ್ಕೆ ದೊಡ್ಡ ಬೋಟಿನವರು ನಿಮ್ಮ ಮುತ್ತಣ್ಣನಿಗೆ ಎಷ್ಟು ಕೊಟ್ಟಿದ್ದಾರೆ? ಅದನ್ನು ಕೇಳ್ಲಿಕ್ಕೆ ಬಂದದ್ದು ನಾನು. ನಮ್ಮವರು ಹೇಳಿಯಾಗಿದೆ, ಇನ್ನು ಆ ಮುದುಕ ಏನು ಹೇಳಿದ್ರೂ ಇಳಿಯುದೇ ಅಂತ."

ಬಸವಪ್ರಭು ಈಗ ಕಂಪ್ಯೂಟರಿನಿಂದ ತಲೆ ಎತ್ತಿದ. ಬೆಳಿಗ್ಗೆಯಿಂದ ಅವನು ಬರೆಯುತ್ತಿದ್ದದ್ದು ನಾಳೆಯ ಎಚ್ಚರಿಕೆಯನ್ನೇ. ಅದರಲ್ಲಿ ಕೋಡಿಬೆಂಗ್ರೆಯೂ ಇತ್ತು.

ಅವನು ಬಾಯಿ ತೆರೆಯುವ ಮೊದಲು ನಾನೇ ನುಗ್ಗಿದೆ. "ಅಮ್ಮ, ಮುತ್ತಣ್ಣನ ಹತ್ರಾನೇ ಮಾತಾಡಿಬಿಡಿ. ಫೋನ್ ಮಾಡಿಸ್ತೀನಿ." ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಬಸವಪ್ರಭುವಿನ ಫೋನಿಗೆ ಕರೆ ಮಾಡಿದೆ. ಅವನು ಬೇರೆ ದಾರಿ ಕಾಣದೆ ಅದನ್ನು ಅವರ ಕೈಗೆ ಕೊಟ್ಟ.

"ಯಾರದು, ಜಲಜಾಕ್ಷಿಯಾ?" ಎಂದು ಕೆಮ್ಮಿದೆ. "ಕೋಪ ಮಾಡ್ಬೇಡಿ ಮಾರಾಯ್ರೆ. ನಾನು ಯಾರದ್ದೂ ದುಡ್ಡು ಮುಟ್ಟಿದವ ಅಲ್ಲ..."

"ಕೀರೇ... ಅರೆಕೀರೆ, ಪಾಲಕ್ಕೀರೇ!" ಎಂದು ಬೀದಿಯಲ್ಲಿ ಸೊಪ್ಪಿನವಳು ಕೂಗಿದಳು. ನಮ್ಮ ಏರಿಯಾದ ಸೊಪ್ಪಿನವಳು. ತಮಿಳಿನಲ್ಲಿ ಕೂಗಿ, ಕನ್ನಡದಲ್ಲಿ ಚೌಕಾಸಿ ಮಾಡಿ, ಉರ್ದುವಿನಲ್ಲಿ ಬೈಯುವವಳು. ಅವಳ ಗಂಟಲಿಗೆ ಬಾಗಿಲು ಯಾವ ಲೆಕ್ಕ?

ಕೂಗು ಜಲಜಾಕ್ಷಿಯವರಿಗೆ ಫೋನಿನಲ್ಲೂ ಕೇಳಿಸಿತು, ಕಿಟಕಿಯಲ್ಲೂ ಕೇಳಿಸಿತು. ಅವರು ಎದ್ದು ಬಂದು ಬಾಲ್ಕನಿಯ ಬಾಗಿಲು ತೆರೆದರು. ಕೆಮ್ಮಲು ಬಾಯಿ ತೆರೆದವನು ಹಾಗೇ ನಿಂತೆ.

"ಮುತ್ತಣ್ಣ," ಎಂದರು ಅವರು. "ಪ್ರಾಯ ಚೆನ್ನಾಗಿ ಇಳಿದಿದೆ ನಿಮ್ದು."

ಚಪ್ಪಲಿ ಕೈಯಲ್ಲೇ ಇತ್ತು. ಅವರು ಹೊಡೆಯಲಿಲ್ಲ. ಒಂದು ಮಾತು ಕೇಳಿದರು. ಅದು ಹೊಡೆತಕ್ಕಿಂತ ಜೋರಾಗಿತ್ತು.

"ನಮ್ಮ ಅತ್ತೆ ನಿಮ್ಮ ಹೆಸರಿನಲ್ಲಿ ದೇವರಿಗೆ ಹೂ ಇಡ್ತಾರೆ, ಗೊತ್ತುಂಟಾ?"

ನನಗೆ ಗೊತ್ತಿರಲಿಲ್ಲ. ಆಗ ನಾನು ಮಾಡಿದ್ದು ನನಗೇ ಹಿಡಿಸದ ಕೆಲಸ: ಬೆರಳನ್ನು ಬಸವಪ್ರಭುವಿನ ಕಡೆ ತಿರುಗಿಸಿದೆ. "ದನಿ ನಂದು, ನಿಜ. ಆದ್ರೆ ಮಾತು ಇವನದು. ಮಂಗಳವಾರ ಬೇಡ ಅಂತ ಬರೆದಿದ್ದು ಇವನು."

"ಹೌದ್ರೀ?" ಎಂದ ಬಸವಪ್ರಭು ನನಗೆ. ಸಿಟ್ಟು ಬಂದಾಗ ಅವನು ನನಗೂ ರೀ ಹಚ್ಚುತ್ತಾನೆ. ಮಂಗಳವಾರ ತಾನು ಬರೆದುಕೊಟ್ಟ ಹಾಳೆಯನ್ನು ತೆರೆಯ ಮೇಲೆ ತೆಗೆದು ಆಕೆಯ ಕಡೆ ತಿರುಗಿಸಿದ. "ಓದ್ರಿ ಅಕ್ಕಾರ. ಜೋರಾಗಿ ಓದ್ರಿ."

ಅವರು ಓದಿದರು. "ದಡದಿಂದ ಇಪ್ಪತ್ತು ನಾಟಿಕಲ್ ಮೈಲಿ ಆಚೆಗೆ ಹೋಗುವವರು ನಾಳೆ ಇಳಿಯುವುದು ಬೇಡ. ಅಲೆ ಎರಡೂವರೆ ಮೀಟರ್ ಮೀರಬಹುದು. ಈಚೆಗೆ ತೊಂದರೆ ಇಲ್ಲ."

ನನಗೆ ನೆನಪಾಯಿತು. ಆ ದಿನ ನಲವತ್ತು ಸೆಕೆಂಡಿಗೆ ಆರು ಸೆಕೆಂಡು ಹೆಚ್ಚಾಗಿತ್ತು. ಕೆಮ್ಮು ಅಷ್ಟು ಚೆನ್ನಾಗಿ ಬಂದಿತ್ತು, ತೆಗೆಯಲು ಮನಸ್ಸಾಗಲಿಲ್ಲ. ಮೈಲಿಯನ್ನು ತೆಗೆದೆ.

"ನಾನೇ ಕತ್ತರಿಸಿದ್ದು," ಎಂದೆ. ನನ್ನ ದನಿಯಲ್ಲೇ ಬಂತು. ಬೇರೆ ಯಾರದೂ ಸಿಗಲಿಲ್ಲ. "ಯಾರೂ ದುಡ್ಡು ಕೊಟ್ಟಿಲ್ಲಮ್ಮ. ಕೆಮ್ಮೋಕೆ ಜಾಗ ಬೇಕಿತ್ತು."

ಅವರು ನಂಬಿದರೆಂದು ಅನ್ನಿಸಲಿಲ್ಲ. ಲಂಚವನ್ನಾದರೆ ನಂಬಬಹುದು, ಇಂಥ ದಡ್ಡತನವನ್ನು ನಂಬುವುದು ಕಷ್ಟ.

"ಅಕ್ಕಾರ, ಅದು ಹೋಗ್ಲಿ, ನಾಳಿಂದು ಕೇಳ್ರಿ," ಎಂದ ಬಸವಪ್ರಭು. "ಐದಾರು ದಿನದ ಹಿಂದ ದಕ್ಷಿಣಕ್ಕ, ಮಡಗಾಸ್ಕರ್ ದಾಟಿ ಕೆಳಗ, ದೊಡ್ಡ ಬಿರುಗಾಳಿ ಎದ್ದಿತ್ತು. ಅಲ್ಲೆ ಎದ್ದ ಅಲಿ ಇಷ್ಟು ದಿನ ನಡಕೋತ ನಿಮ್ಮ ದಂಡಿಗೆ ಬರಾಕತ್ತೈತಿ. ನಾಳೆ ಬೆಳಗಿನ್ಯಾಗ ಅಳಿವಿ ಬಾಯಾಗ ಭಾಳ ಎತ್ತರ ಎದ್ದು ಮುರಿತೈತಿ. ದೋಣಿ ಮಗಚತೈತ್ರಿ."

ಜಲಜಾಕ್ಷಿ ಫೋನು ತೆಗೆದು ಗಂಡ ಬೆಳಿಗ್ಗೆ ಕಳಿಸಿದ್ದ ಚಿತ್ರ ತೋರಿಸಿದರು. ನೀಲಿ ಆಕಾಶ. ಗಾಳಿಯಿಲ್ಲದೆ ಜೋತುಬಿದ್ದ ಬಾವುಟ. ಗೆರೆ ಎಳೆದ ಹಾಗೆ ನೀರು.

"ಇದರಲ್ಲಿ ಎಲ್ಲಿ ಉಂಟು ನಿಮ್ಮ ಅಲೆ?"

"ಅದ ನೋಡ್ರಿ ಅದರ ಕಳ್ಳಬುದ್ಧಿ. ಗಾಳಿ ಇರೂದಿಲ್ಲ, ಮೋಡ ಇರೂದಿಲ್ಲ."

"ನೀವು ಸಮುದ್ರ ನೋಡಿದ್ದೀರಾ?"

"ಒಂದ್ಸಲ."

"ಇವ ಸುಳ್ಳು ದನಿಯವ, ನೀವು ಒಂದ್ಸಲದವ. ನಾನು ಮನೆಗೆ ಫೋನ್ ಮಾಡಿ ಏನಂತ ಹೇಳುದು? ಐದು ಜನ ಹೋಗ್ತಾರೆ ನಾಳೆ ಬೆಳಿಗ್ಗೆ."

ಬಸವಪ್ರಭು ಉಗುರು ಕಚ್ಚಿದ. ಆಮೇಲೆ, "ನಮ್ಮನ್ನ ನಂಬಬ್ಯಾಡ್ರಿ," ಎಂದ. "ಎಣಸಾಕ ಹೇಳ್ರಿ. ದೂರದಿಂದ ಬರೂ ಅಲಿಯೊಳಗ ಉದ್ದನ ಅಲಿ ಮೊದಲ ಬರ್ತಾವ. ಎತ್ತರ ಇರೂದಿಲ್ಲ, ಕಣ್ಣಿಗೆ ಗೊತ್ತಾಗೂದಿಲ್ಲ. ಆದ್ರ ಒಂದಕ್ಕೂ ಇನ್ನೊಂದಕ್ಕೂ ನಡುವ ಹೊತ್ತು ಭಾಳ. ದಿನಾ ನಿಮ್ಮಲ್ಲೆ ಏಳೆಂಟು ಸೆಕೆಂಡಿಗೆ ಒಂದು ಬಡಿತಾವ. ಇವತ್ತು ಮಧ್ಯಾಹ್ನದೊಳಗ ಹದಿನೆಂಟರ ಸನೇಕ ಬರಬೇಕು. ಬರಲಿಲ್ಲಂದ್ರ ನಾನು ಸುಳ್ಳ."

ಅವರು ಗಂಡನಿಗೆ ಫೋನ್ ಮಾಡಿದರು. ಮೊದಲು ತುಳುವಿನಲ್ಲಿ ಏನೋ ಜೋರು ಮಾತಾಯಿತು. ಅದರಲ್ಲಿ ಮುತ್ತಣ್ಣ ಎಂಬುದು ಎರಡು ಸಲ ಬಂತು, ಎರಡೂ ಸಲ ಒಳ್ಳೆಯ ಅರ್ಥದಲ್ಲಿ ಇರಲಿಲ್ಲ. ಆಮೇಲೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. "ಕನ್ನಡದಲ್ಲಿ ಹೇಳಿ. ಇವರೂ ಕೇಳ್ಲಿ."

"ಅಲೆ ಎಣಿಸ್ಲಿಕ್ಕೆ ನಾನೇನು ಟೂರಿಸ್ಟಾ?" ಎಂದಿತು ಆ ಕಡೆಯ ದನಿ.

"ಹೋಗಿ ನಿಲ್ಲಿ. ನಾನು ಹೇಳುದಲ್ವಾ?"

ಹೆಜ್ಜೆಯ ಸದ್ದು, ಮರಳಿನ ಸದ್ದು. ಎಷ್ಟೋ ತಿಂಗಳಿಂದ ಮುತ್ತಣ್ಣನ ಬೆನ್ನ ಹಿಂದೆ ನಾನು ಹಾಕುತ್ತಿದ್ದ ಅಲೆಯ ಸದ್ದು ಯಾವುದೋ ವೆಬ್‌ಸೈಟಿನದು. ಮೇಜಿನ ಮೇಲೆ ಈಗ ನಿಜವಾದದ್ದು ಬಂತು. ಒಂದು ಬಿತ್ತು. ಮೂವರೂ ಗೋಡೆಯ ಗಡಿಯಾರ ನೋಡಿದೆವು. ಐದು. ಎಂಟು. ಕೆಳಗೆ ಯಾರೋ ಹಾರ್ನ್ ಬಾರಿಸಿದರು. ಹನ್ನೆರಡು.

"ಇಷ್ಟು ಹೊತ್ತು ಎಂತಕ್ಕೆ?" ಎಂದ ಗಂಡ, ಯಾರನ್ನೂ ಕೇಳದೆ.

ಹದಿನೇಳಕ್ಕೆ ಬಿತ್ತು.

"ಇನ್ನೊಂದ್ಸಲ," ಎಂದರು ಜಲಜಾಕ್ಷಿ. ಮತ್ತೆ ಹದಿನೇಳು. ಮೂರನೆಯದು ಹದಿನೆಂಟು. ಬಸವಪ್ರಭು ಗೆದ್ದವನ ಹಾಗೆ ಕಾಣಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡಿದ್ದ.

ಗಂಡ ಹೇಳಿದ, "ದೋಣಿ ಮೇಲೆ ಎಳೀತೇವೆ. ಮರಳಲ್ಲಿ ಬೇಡ, ತೆಂಗಿನ ಮರದ ತನಕ. ಜನ ಕರೀಬೇಕು, ಇಡ್ತೇನೆ." ಇಡುವ ಮೊದಲು, "ಆ ಮುದುಕ ಹೇಳಿದ್ದಕ್ಕಲ್ಲ ಮತ್ತೆ."

ಜಲಜಾಕ್ಷಿ ಚಪ್ಪಲಿಯನ್ನು ಕೆಳಗಿಟ್ಟು ಕಾಲಿಗೆ ಹಾಕಿಕೊಂಡರು. ಹೊರಟರೇನೋ ಎಂದುಕೊಂಡೆ. ಕುರ್ಚಿಯನ್ನು ನನ್ನ ಮೈಕಿನ ಎದುರಿಗೆ ಎಳೆದುಕೊಂಡು ಕುಳಿತರು.

"ಆರುನೂರು ದೋಣಿಯಲ್ಲಿ ನಮ್ದು ಒಂದು. ಉಳಿದವರಿಗೆ ಹೇಳಿ. ನಾನು ಕೇಳ್ತಾ ಕೂರ್ತೇನೆ."

"ಮುತ್ತಣ್ಣನ ದನಿಯಲ್ಲಿ ಹೇಳಿದ್ರೆ ಎಲ್ಲ ಕೇಳ್ತಾರಮ್ಮ. ಇದೊಂದ್ಸಲ—"

"ಮಂಗಳವಾರದ ಮೇಲೆ ಅವನನ್ನು ಯಾರು ಕೇಳ್ತಾರೆ? ನಿಮ್ಮ ದನಿ ತೆಗೀರಿ."

ತೆಗೆದೆ. ಅಲೆಯ ಸದ್ದು ಹಾಕಲಿಲ್ಲ. "ನಾನು ಕೆಂಪರಾಜ, ಬೆಂಗಳೂರಿಂದ. ಮುತ್ತಣ್ಣ ಅಂತ ಯಾರೂ ಇಲ್ಲ, ಅದು ನಾನೇ. ಮಂಗಳವಾರ ತಪ್ಪು ಹೇಳಿದ್ದೂ ನಾನೇ. ಈಗ ಹೇಳೋದನ್ನೂ ನಂಬಬೇಡಿ. ದಡಕ್ಕೆ ಹೋಗಿ ಅಲೆಯಿಂದ ಅಲೆಗೆ ಎಷ್ಟು ಸೆಕೆಂಡು ಅಂತ ಎಣಿಸಿ. ಹದಿನೈದು ದಾಟಿದ್ರೆ ನಾಳೆ ಅಳಿವೆ ದಾಟಬೇಡಿ, ದೋಣಿ ಮೇಲಕ್ಕೆ ಎಳೀರಿ." ಮೂವತ್ತೊಂದು ಸೆಕೆಂಡು ಆಯಿತು. ಬಸವಪ್ರಭುವಿನ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಜಲಜಾಕ್ಷಿ ಎರಡು ಸಲ ಕೇಳಿದರು, ಯಾವುದಾದರೂ ಬಿಟ್ಟುಹೋಗಿದೆಯೇ ಎಂದು. ಆಮೇಲೆ ಕಳಿಸಿದೆವು.

ಐದು ನಿಮಿಷದಲ್ಲಿ ಫೋನು ಶುರುವಾಯಿತು. ನೀನ್ಯಾರು? ಮುತ್ತಣ್ಣನನ್ನು ಎಂತ ಮಾಡಿದಿ? ಯಾವ ಬೋಟಿನವರ ಕಡೆಯವ? ಗಂಗೊಳ್ಳಿಯಿಂದ ಒಬ್ಬರು ಬೈಗುಳದಲ್ಲಿ ನನ್ನ ತಂದೆಯವರೆಗೂ ಹೋಗಿ ಬಂದರು. ಎಲ್ಲರಿಗೂ ನಾನು ಒಂದೇ ಮಾತು ಹೇಳಿದೆ, ಬೈಯಿರಿ, ಬೈತಾ ಬೈತಾ ದಡಕ್ಕೆ ಹೋಗಿ ಎಣಿಸಿ. ಬೈದವರು ಫೋನು ಇಡಲಿಲ್ಲ. ನನ್ನ ಸುಳ್ಳನ್ನು ಹಿಡಿದೇ ಹಿಡಿಯುತ್ತೇನೆಂದು ಒಬ್ಬೊಬ್ಬರಾಗಿ ಮರಳಿಗೆ ಇಳಿದರು. ಹಿಂದೆ ಅಲೆ ಬೀಳುವುದು ಕೇಳಿಸಿತು. ಬೈಗುಳದ ನಡುವೆಯೇ ಅವರು ಎಣಿಸತೊಡಗಿದರು.